ತಾಲ್ಲೂಕು ಕಚೇರಿಯಿಂದ ವಿಚಾರಣೆ ನೋಟಿಸ್ ಬಂದಾಗ: ಖಾತೆ ತಕರಾರು ಎದುರಿಸುವ ಬಗೆ

ಗ್ರಾಮ ಸಹಾಯಕ ಮನೆ ಬಾಗಿಲಿಗೆ ತಂದುಕೊಡುವ ಒಂದು ಹಾಳೆ. ಮೇಲ್ಗಡೆ ‘ತಹಶೀಲ್ದಾರ್ ರವರ ನ್ಯಾಯಾಲಯ’, ಅದರ ಕೆಳಗೆ ಆರ್.ಆರ್.ಟಿ. (ಪಹಣಿ ತಕರಾರು ಪ್ರಕರಣದ ಗುರುತು) ಎಂದು ಶುರುವಾಗುವ ಒಂದು ನಂಬರು, ಆಮೇಲೆ ಇಬ್ಬರು ಮೂವರ ಹೆಸರು, ಕೊನೆಗೆ ‘ಸದರಿ ದಿನದಂದು ವಿಚಾರಣೆಗೆ ತಪ್ಪದೇ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಲಭ್ಯ ದಾಖಲೆಗಳ ಮೇಲೆ ಆದೇಶ ಮಾಡಲಾಗುವುದು’ ಎಂಬ ಸಾಲು. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಯಾವುದಕ್ಕೇ ಹೋಗಿ ನೋಡಿ, ಕಂದಾಯ ಶಾಖೆಯ ಮುಂದೆ ನಿಂತವರಲ್ಲಿ ಬಹಳ ಮಂದಿಯ ಕೈಯಲ್ಲಿ ಇದೇ ಹಾಳೆ ಇರುತ್ತದೆ. ಕೆಲವರು ಇದನ್ನು ಕಂಡೊಡನೆ ಜಮೀನೇ ಹೋಯಿತೆಂದು ಹೆದರುತ್ತಾರೆ. ಇನ್ನು ಕೆಲವರು ‘ನಮ್ಮ ತಾತನ ಜಮೀನು, ಯಾವನು ಏನು ಮಾಡ್ತಾನೆ’ ಎಂದು ದೇವರ ಪಟದ ಹಿಂದೆ ಸಿಕ್ಕಿಸಿ ಮರೆಯುತ್ತಾರೆ. ಹೆಚ್ಚು ಕಳೆದುಕೊಳ್ಳುವವರು ಎರಡನೆಯವರೇ.

ಮೊದಲು, ಇದು ಯಾವ ವಿಚಾರಣೆ?

ವಿಚಾರಣೆ ಎಂಬ ಒಂದೇ ಹೆಸರಿನಲ್ಲಿ ಸರ್ಕಾರದಲ್ಲಿ ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ನೋಟಿಸ್ ಕಳಿಸಿದವರು ಯಾರು, ಯಾವ ಕಾಯ್ದೆಯ ಯಾವ ಕಲಂ ಬರೆದಿದ್ದಾರೆ ಎಂಬುದನ್ನು ನೋಡಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಪೊಲೀಸ್ ಠಾಣೆಯಿಂದ ಬಂದದ್ದಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ ಅದರಲ್ಲಿರಬೇಕು. 35(3) ಎಂದಿದ್ದರೆ ನಿಮ್ಮ ಮೇಲೆಯೇ ಆರೋಪ ಅಥವಾ ಸಂಶಯ ಇದೆ. 179 ಎಂದಿದ್ದರೆ ಸಾಕ್ಷಿಯಾಗಿ ಕರೆದಿದ್ದಾರೆ. ಸಾಕ್ಷಿಯಾಗಿ ಕರೆಯುವಾಗ ಹೆಂಗಸರನ್ನಾಗಲಿ 60 ದಾಟಿದ ಗಂಡಸರನ್ನಾಗಲಿ ಅವರು ವಾಸವಿರುವ ಜಾಗ ಬಿಟ್ಟು ಬೇರೆಡೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ಸರ್ಕಾರಿ ನೌಕರರಿಗೆ ಬರುವ ಇಲಾಖಾ ವಿಚಾರಣೆಯ ದಾರಿಯೇ ಬೇರೆ. ಅದು 1957ರ ನಾಗರಿಕ ಸೇವಾ ನಿಯಮಗಳ ಪ್ರಕಾರ ದೋಷಾರೋಪಣ ಪಟ್ಟಿಯಿಂದ ಶುರುವಾಗುತ್ತದೆ. ಇವೆರಡನ್ನೂ ಇಲ್ಲಿಗೇ ಬಿಡೋಣ.

ತಹಶೀಲ್ದಾರರ ನೋಟಿಸ್ ಬರುವುದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಅಡಿಯಲ್ಲಿ. ಕಂದಾಯ ಅಧಿಕಾರಿ ನಡೆಸುವ ವಿಚಾರಣೆಯನ್ನು ಆ ಕಾಯ್ದೆ ಮೂರು ಬಗೆ ಮಾಡುತ್ತದೆ. ಕಲಂ 33ರ ವಿಧ್ಯುಕ್ತ ವಿಚಾರಣೆಯಲ್ಲಿ ಸಾಕ್ಷಿಯ ಮಾತನ್ನು ಪೂರ್ತಿಯಾಗಿ ಬರೆದುಕೊಳ್ಳಬೇಕು, ತೀರ್ಮಾನಕ್ಕೆ ಕಾರಣ ಕೊಡಬೇಕು. ಕಲಂ 34ರ ಸಂಕ್ಷಿಪ್ತ ವಿಚಾರಣೆಯಲ್ಲಿ ಎರಡೂ ಕಡೆಯವರ ಮುಖ್ಯ ಮಾತು, ಸಾಕ್ಷ್ಯದ ಸಾರ, ತೀರ್ಮಾನದ ಕಾರಣ ಇಷ್ಟಿದ್ದರೆ ಸಾಕು. ಇವೆರಡೂ ಅಲ್ಲದ್ದು ಸಾಮಾನ್ಯ ವಿಚಾರಣೆ. ಖಾತೆ ತಕರಾರುಗಳು ಸಾಮಾನ್ಯವಾಗಿ ಕೆಲವೇ ನಿಮಿಷಗಳ ಹಾಜರಿಯಲ್ಲಿ ಸಾಗುತ್ತವೆ. ಆದೇಶ ನಿಲ್ಲುವುದು ಕಡತದಲ್ಲಿ ಏನಿದೆ ಎಂಬುದರ ಮೇಲೆ. ಕಚೇರಿ ಜಗುಲಿಯಲ್ಲಿ ಗಂಟೆಗಟ್ಟಲೆ ಹೇಳಿಕೊಂಡದ್ದು ಕಡತಕ್ಕೆ ಬರುವುದಿಲ್ಲ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಈ ವಿಚಾರಣೆ ಏನನ್ನು ತೀರ್ಮಾನಿಸುತ್ತದೆ, ಏನನ್ನು ಇಲ್ಲ

ಜಮೀನು ಯಾರದು ಎಂದು ತಹಶೀಲ್ದಾರರು ತೀರ್ಮಾನಿಸುವುದಿಲ್ಲ. ಪಹಣಿಯಲ್ಲಿ ಯಾರ ಹೆಸರು ಬರಬೇಕು ಎಂಬುದಷ್ಟೇ ಅವರ ಮುಂದಿರುವ ಪ್ರಶ್ನೆ. ಹಾಗೆಂದು ಹಗುರವಾಗಿ ಎಣಿಸುವಂತಿಲ್ಲ. ಕಾಯ್ದೆಯ ಕಲಂ 133ರ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ರುಜುವಾತಾಗುವವರೆಗೆ ಅದನ್ನೇ ನಿಜವೆಂದು ಎಣಿಸಬೇಕು. ಬ್ಯಾಂಕ್ ಸಾಲವಾಗಲಿ, ಬೆಳೆ ಪರಿಹಾರವಾಗಲಿ, ಭೂಸ್ವಾಧೀನದ ಹಣವಾಗಲಿ ಮೊದಲು ಕೇಳುವುದು ಪಹಣಿಯನ್ನೇ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಾಗ ಜಮೀನನ್ನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಅಂಥ ಕಡೆ ವರ್ಷ ವರ್ಷ ಬಾಡಿಗೆ ಯಾರ ಖಾತೆಗೆ ಹೋಗಬೇಕು ಎನ್ನುವಲ್ಲಿ, ತೀರಿಹೋದ ಅಜ್ಜನ ಹೆಸರು ಪಹಣಿಯಲ್ಲಿ ಹಾಗೇ ಉಳಿದಿರುವ ಕುಟುಂಬ ಮೊದಲು ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಓಡಬೇಕು. ಕೋಲಾರ ಜಿಲ್ಲೆಯಲ್ಲಿ ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದ ಊರುಗಳಲ್ಲೂ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸುತ್ತಲೂ ಸಮಸ್ಯೆಯ ಬೇರು ಇದೇ.

ಕೆಳಗಿನವು ತಹಶೀಲ್ದಾರರ ಕೈಯಲ್ಲಿಲ್ಲ. ಇವನ್ನು ಅವರ ಮುಂದೆ ವಾದಿಸಿ ದಿನ ಕಳೆಯಬೇಡಿ.

ನೋಂದಣಿಯಾದ ಕ್ರಯಪತ್ರ ಮೋಸದ್ದು, ರದ್ದು ಮಾಡಿ ಎಂಬ ಬೇಡಿಕೆ ಸಿವಿಲ್ ನ್ಯಾಯಾಲಯಕ್ಕೆ ಸೇರಿದ್ದು. ಉಯಿಲಿನ ಸಹಿ ತಾತನದಲ್ಲ ಎಂಬ ತಕರಾರೂ ಅಲ್ಲಿಯದೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ವಿಷಯ 1978ರ ಕಾಯ್ದೆಯಂತೆ ಉಪವಿಭಾಗಾಧಿಕಾರಿ ಮುಂದೆ ಹೋಗಬೇಕು. ಅಳತೆ, ಪೋಡಿ (ಸರ್ವೆ ನಂಬರಿನಲ್ಲಿ ಹಿಸ್ಸಾ ಬೇರ್ಪಡಿಸುವುದು), ನಕ್ಷೆಯ ದೋಷಕ್ಕೆ ಸರ್ವೆ ಇಲಾಖೆ ಇದೆ.

ತಕರಾರು ಹುಟ್ಟುವುದು ಎಲ್ಲಿ

ಕ್ರಯ, ದಾನ, ವಿಭಾಗದಂಥ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದರೆ ಮಾಹಿತಿ ಅಲ್ಲಿಂದಲೇ ಪಹಣಿ ಇಡುವ ‘ಭೂಮಿ’ ತಂತ್ರಾಂಶಕ್ಕೆ ಬರುತ್ತದೆ. ಪೌತಿಯಂಥ ಪ್ರಕರಣದಲ್ಲಿ ವಾರಸುದಾರರೇ ಅರ್ಜಿ ಕೊಡಬೇಕು. ಕಲಂ 128 ಇದಕ್ಕೆ ಹಕ್ಕು ಬಂದ ದಿನದಿಂದ ಮೂರು ತಿಂಗಳು ಎನ್ನುತ್ತದೆ, ಆದರೆ ನಮ್ಮ ಕಡೆ ಮೂವತ್ತು ವರ್ಷ ಕಳೆದ ಮೇಲೆ ಹೋಗುವವರೂ ಇದ್ದಾರೆ. ಆಮೇಲೆ ಕಲಂ 129ರಂತೆ ನಮೂನೆ 21ರಲ್ಲಿ ನೋಟಿಸ್ ಹೊರಡುತ್ತದೆ. ಒಂದು ಪ್ರತಿ ಚಾವಡಿಯಲ್ಲಿ ಅಂಟಿಸಲು, ಉಳಿದವು ಸಂಬಂಧಪಟ್ಟವರಿಗೆ. ಆಕ್ಷೇಪಣೆಗೆ ಕೊಡುವ ದಿನಗಳು ಬದಲಾವಣೆಯ ಬಗೆಗೆ ತಕ್ಕಂತೆ ಬೇರೆ ಬೇರೆ, ಸರ್ಕಾರ ಅದನ್ನು ತಿದ್ದಿದ್ದೂ ಉಂಟು. ಆದ್ದರಿಂದ ಯಾರೋ ಹೇಳಿದ ‘ಮೂವತ್ತು ದಿನ ಟೈಮ್ ಐತೆ’ ಎಂಬ ಮಾತನ್ನು ನೆಚ್ಚಬೇಡಿ. ನೋಟಿಸಿನಲ್ಲಿ ಅಚ್ಚಾಗಿರುವ ಕೊನೆಯ ದಿನವನ್ನೇ ಹಿಡಿಯಿರಿ.

ಆ ಅವಧಿಯೊಳಗೆ ಯಾರೂ ತಕರಾರು ಮಾಡದಿದ್ದರೆ ಖಾತೆ ಬದಲಾಗುತ್ತದೆ. ಯಾರಾದರೂ ಬರೆದುಕೊಟ್ಟರೆ ಪ್ರಕರಣ ತಕರಾರು ವಹಿಗೆ ಹೋಗಿ, ಆರ್.ಆರ್.ಟಿ. ನಂಬರು ಪಡೆದು, ನಿಮಗೆ ವಿಚಾರಣೆ ನೋಟಿಸ್ ಬರುತ್ತದೆ. ಬಾಯಿಮಾತಿನಲ್ಲಿ ‘ಸ್ವಾಮಿ, ಅವರ ಹೆಸರಿಗೆ ಮಾಡಬೇಡಿ’ ಎಂದು ಗ್ರಾಮ ಆಡಳಿತ ಅಧಿಕಾರಿಗೆ ಹೇಳಿ ಬಂದದ್ದು ತಕರಾರು ಎನಿಸುವುದಿಲ್ಲ. ಬರೆದು ಟಪಾಲಿಗೆ ಹಾಕಿ, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.

ನಮ್ಮ ಜಿಲ್ಲೆಗಳಲ್ಲಿ ತಕರಾರಿನ ದೊಡ್ಡ ಪಾಲು ವಂಶವೃಕ್ಷದಿಂದ ಬರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಗಂಡುಮಕ್ಕಳ ಹೆಸರಷ್ಟೇ ಬರೆಸುವುದು ಇಂದಿಗೂ ನಿಂತಿಲ್ಲ. ‘ಅಕ್ಕನಿಗೆ ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೀವಿ, ಬಿಟ್ಟು ಕೊಟ್ಟವಳೆ’ ಎನ್ನುವ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಮಗನ ಸಮಾನ ಪಾಲುದಾರಳು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ವಿಭಾಗ ಆಗಿದ್ದರೆ ಮಾತ್ರ ಅದನ್ನು ಕದಲಿಸುವಂತಿಲ್ಲ. ಹೆಣ್ಣುಮಕ್ಕಳು ನಿಜವಾಗಿ ಪಾಲು ಬೇಡ ಎನ್ನುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಆಗಬೇಕು. ನೂರು ರೂಪಾಯಿ ಛಾಪಾ ಕಾಗದದಲ್ಲಿ ಬರೆದು ನೋಟರಿ ಸೀಲು ಹಾಕಿಸಿದರೆ ಹಕ್ಕು ಬಿಟ್ಟಂತಾಗುವುದಿಲ್ಲ.

ಹೆಜ್ಜೆ ಒಂದು: ನೋಟಿಸ್ ಪಡೆಯುವಾಗ

ಸಹಿಯ ಪಕ್ಕದಲ್ಲಿ ಆ ದಿನದ ದಿನಾಂಕ ನೀವೇ ಬರೆಯಿರಿ. ನೋಟಿಸ್ ತಡವಾಗಿ ಬಂತು, ವಿಚಾರಣೆಗೆ ಎರಡೇ ದಿನ ಉಳಿದಿತ್ತು ಎಂದು ನಾಳೆ ಹೇಳಲು ಇದೇ ಆಧಾರ. ತೆಗೆದುಕೊಳ್ಳದೆ ವಾಪಸ್ಸು ಕಳಿಸುವುದು ಜಾಣತನವಲ್ಲ. ‘ತಿರಸ್ಕರಿಸಿದ್ದಾರೆ’ ಎಂದು ಷರಾ ಬರೆದು, ಬಾಗಿಲಿಗೆ ಅಂಟಿಸಿ, ನೋಟಿಸ್ ಜಾರಿಯಾಗಿದೆ ಎಂದು ಮುಂದುವರಿಯುತ್ತಾರೆ.

ಹಾಳೆಯಲ್ಲಿ ನೋಡಬೇಕಾದದ್ದು: ಪ್ರಕರಣದ ನಂಬರು ಮತ್ತು ವರ್ಷ, ಅರ್ಜಿದಾರರು ಯಾರು, ನೀವು ಎಷ್ಟನೇ ಎದುರುದಾರರು, ಹೋಬಳಿ, ಗ್ರಾಮ, ಸರ್ವೆ ನಂಬರು ಹಿಸ್ಸಾ ಸಮೇತ, ವಿಸ್ತೀರ್ಣ, ವಿಚಾರಣೆಯ ದಿನ, ಹೊತ್ತು, ಸ್ಥಳ. ಹಿಸ್ಸಾ ನಂಬರು ಮುಖ್ಯ. 45/2 ಮತ್ತು 45/3 ಬೇರೆ ಬೇರೆ ಜಮೀನು. ತಪ್ಪು ಹಿಸ್ಸಾಕ್ಕೆ ನೋಟಿಸ್ ಬಂದಿದ್ದರೆ ‘ನನಗೆ ಸಂಬಂಧವಿಲ್ಲ’ ಎಂದು ಸುಮ್ಮನಿರದೆ, ಬರೆದೇ ತಿಳಿಸಿ.

ಹೆಜ್ಜೆ ಎರಡು: ಎದುರಿನವರ ಕಾಗದ ಪಡೆಯುವುದು

ಅವರು ಏನು ಬರೆದುಕೊಟ್ಟಿದ್ದಾರೆ ಎಂದು ತಿಳಿಯದೆ ಉತ್ತರ ಬರೆಯಬಾರದು. ವಿಷಯ ನಿರ್ವಾಹಕರ ಬಳಿ ಹೋಗಿ ಕಡತ ನೋಡಲು ಕೇಳಿ, ಅರ್ಜಿ ಮತ್ತು ಲಗತ್ತುಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಅಷ್ಟು ದಿನ ಕಾಯಲು ಆಗದು ಎಂದಾದರೆ ವಿಚಾರಣೆಯ ದಿನವೇ ‘ಅರ್ಜಿಯ ಪ್ರತಿ ಕೊಡಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಡಿ’ ಎಂದು ಬರೆದು ಕೇಳಿ. ಮೊದಲ ದಿನ ಇಂಥ ಕೋರಿಕೆಯನ್ನು ನಿರಾಕರಿಸುವುದು ಅಪರೂಪ.

ಹೆಜ್ಜೆ ಮೂರು: ದಾಖಲೆ ಜೋಡಿಸುವುದು

ಇಲ್ಲಿ ಹೆಚ್ಚು ಹೊತ್ತು ಕೊಡಿ. ಮೊದಲು ಪಹಣಿ. ಅದರ ಕಲಂ (ಇಲ್ಲಿ ಅಂಕಣ ಎಂದರ್ಥ) 3ರಲ್ಲಿ ಒಟ್ಟು ವಿಸ್ತೀರ್ಣ ಮತ್ತು ಖರಾಬು (ಸಾಗುವಳಿಗೆ ಬಾರದ ಜಾಗ), 9ರಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಆ ಹೆಸರು ಹೇಗೆ ಬಂತು ಎಂದು ತೋರಿಸುವ ಎಂ.ಆರ್. (ಖಾತೆ ಬದಲಾವಣೆ ವಹಿ) ನಂಬರು, 11ರಲ್ಲಿ ಸಾಲ, ತಡೆಯಾಜ್ಞೆಯಂಥ ಋಣಗಳು, 12ರಲ್ಲಿ ಸಾಗುವಳಿ ವಿವರ ಇರುತ್ತವೆ. ಎಲ್ಲರೂ 9ನ್ನೇ ನೋಡುತ್ತಾರೆ. ನೋಡಬೇಕಾದ್ದು 10ನ್ನು. ಅಲ್ಲಿರುವ ಎಂ.ಆರ್. ನಂಬರಿನ ನಕಲು ತೆಗೆಸಿ. ಆ ಎಂ.ಆರ್. ಯಾವ ಪತ್ರದ ಮೇಲೆ ಆಯಿತೋ ಅದರ ನಕಲು ತೆಗೆಸಿ. ಅದಕ್ಕೂ ಹಿಂದಿನ ಖಾತೆದಾರನಿಗೆ ಹೇಗೆ ಬಂತು ಎಂಬ ಎಂ.ಆರ್. ಹುಡುಕಿ. ಹೀಗೆ ಮೂಲ ಪುರುಷನವರೆಗೆ ಒಂದರ ಹಿಂದೊಂದು ಕೊಂಡಿ ಸಿಕ್ಕಬೇಕು. ಎಲ್ಲಿ ಕೊಂಡಿ ತಪ್ಪಿದೆಯೋ ಎದುರಿನವರು ಅಲ್ಲಿಗೇ ಕೈ ಹಾಕುತ್ತಾರೆ.

ಕೊಂಡಿ ಹೆಚ್ಚಾಗಿ ತಪ್ಪುವುದು ಕೈಬರಹದ ಪಹಣಿಯಿಂದ ಕಂಪ್ಯೂಟರಿಗೆ ಏರಿಸಿದ ಕಾಲದಲ್ಲಿ, ಅಂದರೆ 2000ದ ಆಸುಪಾಸಿನಲ್ಲಿ. ‘ಬಿನ್’ ಎಂಬುದರ ಮುಂದಿನ ತಂದೆಯ ಹೆಸರು ಬಿಟ್ಟುಹೋಗಿರುವುದು, ಇಬ್ಬರಲ್ಲಿ ಒಬ್ಬರ ಹೆಸರು ಇಳಿದಿರುವುದು, ನರಸಿಂಹಯ್ಯ ನರಸಯ್ಯ ಆಗಿರುವುದು. ಆದ್ದರಿಂದ ಕಂಪ್ಯೂಟರ್ ಪಹಣಿಯ ಜೊತೆಗೆ ಅದಕ್ಕೂ ಹಿಂದಿನ ಕೈಬರಹದ ಪಹಣಿಯನ್ನು ಅಭಿಲೇಖಾಲಯದಿಂದ ತೆಗೆಸಿ. ಹಳೆಯ ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ) ಮತ್ತು ಆರ್.ಆರ್. (ಹಕ್ಕು ದಾಖಲೆ) ವಹಿ ಸಿಕ್ಕರೆ ಇನ್ನೂ ಒಳ್ಳೆಯದು. ಭೂ ಸುರಕ್ಷಾ ಯೋಜನೆಯಲ್ಲಿ ಇಂಥ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದರಿಂದ, ದೂಳು ಕೊಡವಿ ಹುಡುಕುವ ಕಾಲಕ್ಕಿಂತ ಈಗ ಕೆಲಸ ಬೇಗ.

ಋಣಭಾರ ಪತ್ರವನ್ನು ಕನಿಷ್ಠ ತಕರಾರಿನ ಹಿಂದಿನ ವ್ಯವಹಾರದಿಂದ ಈವತ್ತಿನವರೆಗೆ ಪಡೆಯಿರಿ. ಆನ್‌ಲೈನಿನಲ್ಲಿ ಹಳೆಯ ವರ್ಷಗಳು ಬರದಿದ್ದರೆ ಉಪನೋಂದಣಿ ಕಚೇರಿಯಲ್ಲೇ ಕೇಳಬೇಕು. ಪೌತಿ ತಕರಾರಾದರೆ ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷ ಬೇಕೇ ಬೇಕು. ಮನೆಯಲ್ಲಿ ಪಂಚಾಯ್ತಿ ಪಾರಿಕತ್ತು (ಊರ ಹಿರಿಯರ ಮುಂದೆ ಬರೆದ ಪಾಲು ಪತ್ರ) ಇದ್ದರೆ ಅದನ್ನೂ ಹೊರತೆಗೆಯಿರಿ, ಆದರೆ ನೋಂದಣಿಯಾಗದ ಪಾರಿಕತ್ತನ್ನು ಎದುರಿನವರು ಒಪ್ಪದಿದ್ದರೆ ಅದರ ಮೇಲೆ ಖಾತೆ ಆಗುವುದು ಕಷ್ಟ ಎಂಬುದು ತಿಳಿದಿರಲಿ. ಹಿಂದೆಯೇ ಎಲ್ಲರೂ ಒಪ್ಪಿ, ಅವರವರ ಪಾಲು ಅವರವರು ಉಳುತ್ತಿದ್ದಾರೆ ಎಂದು ತೋರಿಸಲು ಅದು ನೆರವಾಗಬಹುದು, ಅಷ್ಟೇ.

ಇನ್ನು ಗುಂಟೆ ಲೆಕ್ಕ. ಪಹಣಿಯಲ್ಲಿ 2-20 ಎಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಇದು ದಶಾಂಶವಲ್ಲ. ಒಂದು ಸರ್ವೆ ನಂಬರಿನಲ್ಲಿ ಒಟ್ಟು 2-20, ಖರಾಬು 0-04 ಇದೆ ಎಂದಿಟ್ಟುಕೊಳ್ಳಿ. ಖರಾಬು ಕಳೆದರೆ 2-16, ಅಂದರೆ 96 ಗುಂಟೆ. ಮೂವರಿಗೆ ಹಂಚಿದರೆ ತಲಾ 32 ಗುಂಟೆ. ಇದನ್ನೇ ಮೊಬೈಲಿನಲ್ಲಿ 2.16 ಎಂದು ಒತ್ತಿ ಮೂರರಿಂದ ಭಾಗಿಸಿದರೆ 0.72 ಬರುತ್ತದೆ. ಪತ್ರದಲ್ಲಿ 0-72 ಎಂದು ಬರೆದುಬಿಟ್ಟರೆ ತಲಾ 1 ಎಕರೆ 32 ಗುಂಟೆ ಕೊಟ್ಟಂತೆ, ಮೂರೂ ಸೇರಿ 5 ಎಕರೆ 16 ಗುಂಟೆ! ಇರುವ ಜಮೀನಿನ ಎರಡರಷ್ಟಕ್ಕೂ ಮಿಕ್ಕಿದ ಪತ್ರ ಖಾತೆಗೆ ಹೋದಾಗ ಮುಂದೆ ಸಾಗದೆ ಸಿಕ್ಕಿಕೊಳ್ಳುತ್ತದೆ. ಖರಾಬನ್ನು ಕಳೆಯದೆ ಹಂಚುವುದು ಇದಕ್ಕಿಂತ ಸಾಮಾನ್ಯ ತಪ್ಪು. ಬಿ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯದು, ಅದು ಯಾರ ಪಾಲಿಗೂ ಬಾರದು.

ಹೆಜ್ಜೆ ನಾಲ್ಕು: ಲಿಖಿತ ಆಕ್ಷೇಪಣೆ

ಎರಡು ಪುಟ ಸಾಕು. ಮೂರು ತಲೆಮಾರಿನ ಜಗಳವೆಲ್ಲ ಬೇಡ. ದಿನಾಂಕದ ಸಾಲಿನಲ್ಲಿ ಬರೆಯಿರಿ, ಪ್ರತಿ ಮಾತಿನ ಕೊನೆಗೆ ಯಾವ ದಾಖಲೆ ಎಂದು ತೋರಿಸಿ. ಒಕ್ಕಣೆ ಹೀಗಿರಬಹುದು:

> ತಹಶೀಲ್ದಾರ್ ರವರ ನ್ಯಾಯಾಲಯ, ............ ತಾಲ್ಲೂಕು
> ಪ್ರಕರಣ ಸಂಖ್ಯೆ: ಆರ್.ಆರ್.ಟಿ. ............
> ಎರಡನೇ ಎದುರುದಾರರ ಲಿಖಿತ ಆಕ್ಷೇಪಣೆ
>
> 1. ............ ಗ್ರಾಮದ ಸರ್ವೆ ನಂ. ........ರಲ್ಲಿ 2-16 ಗುಂಟೆ ಜಮೀನು ನಮ್ಮ ತಾತನವರ ಹೆಸರಿನಲ್ಲಿ ಎಂ.ಆರ್. ........ ರಂತೆ ಇತ್ತು. ಅನುಬಂಧ 1.
> 2. ಅವರು ದಿನಾಂಕ ........ರಂದು ಮೃತರಾದರು. ಅನುಬಂಧ 2.
> 3. ಅವರಿಗೆ ಇಬ್ಬರು ಗಂಡು, ಒಬ್ಬ ಹೆಣ್ಣು ಮಕ್ಕಳು. ಅರ್ಜಿದಾರರು ಹಾಜರುಪಡಿಸಿರುವ ವಂಶವೃಕ್ಷದಲ್ಲಿ ಮಗಳ ಹೆಸರಿಲ್ಲ. ನಿಜವಾದ ವಂಶವೃಕ್ಷ ಅನುಬಂಧ 3.
> 4. ನೋಂದಾಯಿತ ವಿಭಾಗವಾಗಲಿ, ಹಕ್ಕು ಬಿಡುಗಡೆಯಾಗಲಿ ಆಗಿರುವುದಿಲ್ಲ. ಋಣಭಾರ ಪತ್ರ ಅನುಬಂಧ 4.
> 5. ಆದ್ದರಿಂದ ಅರ್ಜಿದಾರರ ಒಬ್ಬರ ಹೆಸರಿಗೆ ಖಾತೆ ಮಾಡದೆ, ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಬೇಕಾಗಿ ಕೋರಿಕೆ.

ಐದನೆಯ ಸಾಲನ್ನು ಗಮನಿಸಿ. ‘ಅರ್ಜಿ ವಜಾ ಮಾಡಿ’ ಎಂದಷ್ಟೇ ಬರೆದರೆ ಗೆದ್ದರೂ ಪಹಣಿಯಲ್ಲಿ ತಾತನೇ ಉಳಿಯುತ್ತಾನೆ. ನಿಮಗೆ ಏನು ಆಗಬೇಕು ಎಂಬುದನ್ನು ಸ್ಪಷ್ಟವಾಗಿ ಕೇಳಿ. ಪೌತಿ ತಕರಾರಿನಲ್ಲಿ ಜಂಟಿ ಖಾತೆ ಎಲ್ಲರಿಗೂ ಕಡಿಮೆ ನಷ್ಟದ ದಾರಿ ಎಂದೇ ನಮ್ಮ ಅಭಿಪ್ರಾಯ. ಹಂಚಿಕೊಳ್ಳುವುದು ಆಮೇಲೆ 11ಇ ನಕ್ಷೆ (ಪಾಲು ಗುರುತಿಸುವ ಸರ್ವೆ ನಕ್ಷೆ) ಮಾಡಿಸಿ, ವಿಭಾಗ ಪತ್ರ ನೋಂದಾಯಿಸಿ ಆದೀತು.

ಮೂರು ಪ್ರತಿ ಮಾಡಿ: ಕಚೇರಿಗೊಂದು, ಎದುರಿನವರಿಗೊಂದು, ಸೀಲು ಹಾಕಿಸಿಕೊಂಡು ನಿಮ್ಮ ಬಳಿಯೊಂದು. ಮೂಲ ಪತ್ರಗಳನ್ನು ಯಾವ ಕಾರಣಕ್ಕೂ ಕಡತಕ್ಕೆ ಕೊಡಬೇಡಿ. ಕೇಳಿದರೆ ತೋರಿಸಿ, ನಕಲು ಕೊಡಿ.

ಹೆಜ್ಜೆ ಐದು: ವಿಚಾರಣೆಯ ದಿನ

ಆ ದಿನದ ಪ್ರಕರಣಗಳ ಪಟ್ಟಿ ಸೂಚನಾ ಫಲಕದಲ್ಲಿ ಅಂಟಿಸಿರುತ್ತಾರೆ, ರೆವಿನ್ಯೂ ಕೋರ್ಟ್‌ಗಳ ಆನ್‌ಲೈನ್ ವ್ಯವಸ್ಥೆಯಲ್ಲೂ ಮುಂದಿನ ದಿನಾಂಕ ನೋಡಬಹುದು. ಸಭೆ, ಚುನಾವಣೆ ಕೆಲಸ ಎಂದು ತಹಶೀಲ್ದಾರರು ಕೂರದ ದಿನಗಳಿರುತ್ತವೆ. ಆಗಲೂ ಹಾಗೇ ವಾಪಸ್ಸು ಬರಬೇಡಿ. ಮುಂದಿನ ದಿನಾಂಕ ಬರೆಸಿಕೊಂಡೇ ಹೊರಡಿ. ದಿನಾಂಕ ತಿಳಿಯದೆ ತಪ್ಪಿಸಿಕೊಂಡ ಒಂದು ಹಾಜರಿಯಲ್ಲಿ ಪ್ರಕರಣ ಏಕಪಕ್ಷೀಯವಾಗಿ ಆದೇಶಕ್ಕೆ ಹೋದದ್ದು ಎಷ್ಟೋ.

ವಕೀಲರು ಬೇಕೇ? ದಾಖಲೆ ನೇರವಾಗಿದ್ದರೆ ನೀವೇ ಹಾಜರಾಗಬಹುದು. ಉಯಿಲು, ಕೋರ್ಟ್ ದಾವೆ, ಭೂಸ್ವಾಧೀನದ ಹಣ ಸೇರಿಕೊಂಡಿದ್ದರೆ ವಕಾಲತ್ತು ಹಾಕಿಸುವುದೇ ಮೇಲು.

ನಿಮ್ಮ ಸರದಿ ಬಂದಾಗ ಸಿಗುವುದು ಐದು ನಿಮಿಷ. ಆಕ್ಷೇಪಣೆ ಸಲ್ಲಿಸಿದ್ದೇನೆ, ಅನುಬಂಧ ಇಷ್ಟು, ಅರ್ಜಿದಾರರ ವಂಶವೃಕ್ಷದಲ್ಲಿ ಇಂಥವರ ಹೆಸರಿಲ್ಲ ಎಂದು ಹೇಳಿ ನಿಲ್ಲಿಸಿ. ಆದೇಶ ಹಾಳೆಯಲ್ಲಿ ‘ಎದುರುದಾರರು ಹಾಜರು, ಆಕ್ಷೇಪಣೆ ಸಲ್ಲಿಸಿದ್ದಾರೆ’ ಎಂದು ಬರೆದಿದ್ದಾರೆಯೇ ನೋಡಿಯೇ ಸಹಿ ಮಾಡಿ.

ಆ ಜಮೀನಿನ ಮೇಲೆ ಸಿವಿಲ್ ಕೋರ್ಟಿನಲ್ಲಿ ದಾವೆ ಇದ್ದರೆ ನಂಬರು ಹೇಳಿದರೆ ಸಾಲದು. ದಾವೆ ಹೂಡಿದ ಮಾತ್ರಕ್ಕೆ ಖಾತೆ ಬದಲಾವಣೆ ನಿಲ್ಲುವುದಿಲ್ಲ. ತಡೆಯಾಜ್ಞೆ ಸಿಕ್ಕಿದ್ದರೆ ಅದರ ದೃಢೀಕೃತ ಪ್ರತಿ ಕೊಟ್ಟು, ಪಹಣಿಯ ಕಲಂ 11ರಲ್ಲಿ ನಮೂದು ಮಾಡಲು ಬೇರೆಯೇ ಒಂದು ಅರ್ಜಿ ಕೊಡಿ.

ಸ್ಥಳ ಮಹಜರು ಮತ್ತು ಹೇಳಿಕೆ

ಸ್ವಾಧೀನ ಯಾರದು ಎಂಬ ಪ್ರಶ್ನೆ ಎದ್ದರೆ ರಾಜಸ್ವ ನಿರೀಕ್ಷಕರಿಂದ ವರದಿ ಕೇಳುತ್ತಾರೆ. ಕಚೇರಿಯಲ್ಲಿ ಎಚ್ಚರವಾಗಿದ್ದವರೂ ಎಡವುವ ಜಾಗ ಇದು. ತೆಂಗಿನ ಮರದ ನೆರಳಲ್ಲಿ ನಿಂತು, ಎಲ್ಲರೂ ಪರಿಚಯದವರೇ, ‘ಯಜಮಾನ್ರೇ, ಇಲ್ಲೊಂದು ಸೈನ್ ಹಾಕ್ಬಿಡಿ, ಆಮೇಲೆ ಆಫೀಸಲ್ಲಿ ಬರ್ಕೋತೀವಿ’ ಎಂದರೆ ಸಂಕೋಚಕ್ಕೆ ಸಹಿ ಬೀಳುತ್ತದೆ. ‘ಬರೆದು ಓದಿ ಹೇಳಿ ಸ್ವಾಮಿ, ಹಾಕ್ತೀನಿ’ ಎನ್ನಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.

ಮಹಜರಿನಲ್ಲಿ ಚಕ್ಕುಬಂದಿ ನಾಲ್ಕೂ ದಿಕ್ಕಿಗೆ ಸರಿಯಿದೆಯೇ, ಬೆಳೆ, ಮರ, ಬೋರ್‌ವೆಲ್ ಯಾರದೆಂದು ಬರೆದಿದ್ದಾರೆ, ಪಂಚರು ಅಕ್ಕಪಕ್ಕದ ಜಮೀನಿನವರೇ ಅಥವಾ ಎದುರಿನವರು ಕರೆತಂದವರೇ ನೋಡಿ. ಬರೆದದ್ದು ಒಪ್ಪಿಗೆಯಾಗದಿದ್ದರೆ ಸಹಿ ಮಾಡದೆ ಎದ್ದು ಹೋಗುವುದಕ್ಕಿಂತ, ಸಹಿಯ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದು, ಮರುದಿನವೇ ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಕೊಡುವುದು ಲೇಸು. ಹೆಬ್ಬೆಟ್ಟು ಒತ್ತುವ ಹಿರಿಯರಿದ್ದರೆ ‘ಓದಿ ಹೇಳಿದ್ದನ್ನು ಕೇಳಿ ಒಪ್ಪಿ’ ಎಂಬ ಸಾಲೂ, ಬರೆದವರ ಬಿಕ್ಕಲಂ ಸಹಿಯೂ, ಗುರುತಿಸಿದವರ ಹೆಸರೂ ಇರಲಿ. ಫೋಟೋ ತೆಗೆದಿಟ್ಟುಕೊಳ್ಳಿ.

ಆದೇಶ ಬಂದ ಮೇಲೆ

ಆದೇಶ ನಿಮ್ಮ ವಿರುದ್ಧ ಬಂದರೆ ಕಲಂ 136(2)ರಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಆದೇಶ ತಲುಪಿದ ದಿನದಿಂದ 60 ದಿನ ಅವಧಿ. ಮಾರ್ಚ್ 10ರಂದು ತಲುಪಿದರೆ ಮೇ 9 ಕೊನೆಯ ದಿನ. ದೃಢೀಕೃತ ನಕಲು ತಯಾರಾಗಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ. ನಕಲಿನ ಹಿಂಬದಿಯಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಬರೆದಿರುತ್ತಾರೆ, ಅವು ಖಾಲಿ ಇದ್ದರೆ ಬರೆಸಿಯೇ ತನ್ನಿ. ತಡವಾದರೆ ವಿಳಂಬ ಮನ್ನಿಸಲು ಕಾರಣ ಸಮೇತ ಬೇರೆ ಅರ್ಜಿ ಕೊಡಬೇಕು, ‘ಗೊತ್ತಾಗಲಿಲ್ಲ’ ಎಂಬ ಒಂದು ಪದ ಸಾಲದು.

ತುಮಕೂರು ಜಿಲ್ಲೆಯಲ್ಲಿ ಮೂರು ಉಪವಿಭಾಗ. ತುಮಕೂರು, ಗುಬ್ಬಿ, ಕುಣಿಗಲ್ ತುಮಕೂರಿಗೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಿಪಟೂರಿಗೆ, ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಮಧುಗಿರಿಗೆ ಸೇರುತ್ತವೆ. ಶಿರಾದವರು ತುಮಕೂರಿನ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ ಒಂದು ದಿನ ವ್ಯರ್ಥ ಮಾಡಬೇಡಿ. ಉಪವಿಭಾಗಾಧಿಕಾರಿಯ ಆದೇಶದ ಮೇಲೆ 136(3)ರಂತೆ ಜಿಲ್ಲಾಧಿಕಾರಿಗಳಿಗೆ ಪುನರೀಕ್ಷಣೆ ಅರ್ಜಿ. ಹಕ್ಕಿನದೇ ಜಗಳವಾದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತಿಳಿದು ವರ್ಷ ಕಳೆಯುವ ಬದಲು ಸಿವಿಲ್ ಕೋರ್ಟಿನಲ್ಲಿ ಹಕ್ಕು ಘೋಷಣೆ ಅಥವಾ ವಿಭಾಗದ ದಾವೆ ಹೂಡಿ. ಅಲ್ಲಿ ಡಿಕ್ರಿಯಾದರೆ ಪಹಣಿಯನ್ನು ಅದಕ್ಕೆ ತಕ್ಕಂತೆ ತಿದ್ದಲೇಬೇಕು.

ಮೇಲ್ಮನವಿಯ ಜೊತೆಗೇ ಕೆಳಗಿನ ಆದೇಶಕ್ಕೆ ತಡೆ ಕೋರುವ ಅರ್ಜಿ ಇರಲಿ. ಇಲ್ಲದಿದ್ದರೆ ನಿಮ್ಮ ಮೇಲ್ಮನವಿ ನಡೆಯುತ್ತಿರುವಾಗಲೇ ಭೂಮಿ ಕೇಂದ್ರದಲ್ಲಿ ಖಾತೆ ಬದಲಾಗಿ, ಆ ಹೆಸರಿನವರು ಕ್ರಯವನ್ನೂ ಮಾಡಿ, ಎದುರುದಾರರ ಪಟ್ಟಿಗೆ ಇನ್ನೊಬ್ಬರು ಸೇರಿಕೊಳ್ಳುತ್ತಾರೆ. ಆದೇಶ ನಿಮ್ಮ ಪರ ಬಂದಿದ್ದರೂ ಕೆಲಸ ಮುಗಿದಿಲ್ಲ. ಕಡತ ಭೂಮಿ ಕೇಂದ್ರಕ್ಕೆ ಹೋಗಿದೆಯೇ ವಿಚಾರಿಸಿ. ಕೆಲವು ವಾರ ಬಿಟ್ಟು ಪಹಣಿ ತೆಗೆದು, ಕಲಂ 9ರಲ್ಲಿ ಹೆಸರು, 10ರಲ್ಲಿ ಹೊಸ ಎಂ.ಆರ್. ನಂಬರು, ವಿಸ್ತೀರ್ಣ ಗುಂಟೆ ಆಣೆವರೆಗೆ ಸರಿಯಿದೆಯೇ ನೋಡಿ. ಆದೇಶದಲ್ಲಿ 0-32 ಇದ್ದು ಪಹಣಿಯಲ್ಲಿ 0-23 ಬಂದಿದ್ದರೆ ಆದೇಶದ ಪ್ರತಿ ಲಗತ್ತಿಸಿ ಆ ವಾರವೇ ತಿದ್ದುಪಡಿಗೆ ಅರ್ಜಿ ಕೊಡಿ.